ಬಿಯರ್ ಕುಡಿದ ಕಂಪ್ಯೂಟರ್ ಮತ್ತು ಸೆವೆರಿನಾಳ ಡಿಸ್ಕುಗಳು

"ಸೆವೆ, ನನ್ನವ್ವಾ, ಕಂಪ್ಯೂಟರ್‌ಗೆ ಬಿಯರ್ ಕುಡಿಸಿಬಿಟ್ವಿ ಕಣೇ!"

"ಎಷ್ಟು?"

"ಒಂದು ಬಾಟ್ಲಿ. ಪೂರ್ತಿ ಅಲ್ಲ, ಮೊದಲ ಗುಟುಕು ಭೂಮ್ತಾಯಿಗೆ ಬಿಟ್ಟಿದ್ವಿ."

"ಪಕ್ಕದಲ್ಲಿದ್ದ ನನ್ನ ಡಿಸ್ಕು?"

"ಅದಕ್ಕೂ ಹೊಯ್ದ್ವಿ. ವರ್ಷವೆಲ್ಲಾ ದುಡಿಯುತ್ತೆ ಪಾಪ, ಬಿಟ್ರೆ ಬೇಜಾರು ಮಾಡ್ಕೊಳಲ್ವಾ?"

ಕಾರ್ನಿವಲ್ ಮುಗಿದ ಬುಧವಾರ, ಬೆಳಗಿನ ಐದೂವರೆ. ಎತ್ತರದ ಬೆಟ್ಟದೂರು ಒರೂರೊದ ಚಳಿಯಲ್ಲಿ ಬಾಯಿ ತೆರೆದರೆ ಹೊಗೆ ಬರುತ್ತದೆ. ಕಸೂತಿ ಅಂಗಡಿಯ ಯಜಮಾನಿ ದೋನ್ಯಾ ಗುಮೆರ್ಸಿಂದಾ ತೋಲಾ, ತಲೆಯಲ್ಲಿ ನಿನ್ನೆಯ ಬಣ್ಣದ ಕಾಗದದ ಚೂರುಗಳ ಸಮೇತ, ಅಂಗಳದಲ್ಲಿ ನಿಂತು ಅಳುತ್ತಿದ್ದಾರೆ. ಎದುರಿಗೆ ಆ ಮನೆಯ ಸೆವೆರಿನಾ ಕೆನಾಯಾಟಾ, ನಲವತ್ತಾರು ವರ್ಷ, ಎರಡು ಜಡೆ, ಹಳ್ಳಿ ಹೆಂಗಸರು ಉಡುವ ಹಸಿರು ನೆರಿಗೆಯ ಪೊಯೆರಾ ಲಂಗ. ಬೆನ್ನಿಗೆ ಕಟ್ಟುವ ಪಟ್ಟೆಬಟ್ಟೆಯಲ್ಲಿ ಹನ್ನೆರಡು ಡಿಸ್ಕುಗಳನ್ನು ಜೋಡಿಸುತ್ತಿದ್ದ ಕೈ ಅಲ್ಲೇ ನಿಂತಿದೆ.

ಕಾರ್ನಿವಲ್ಲಿನ ಮಂಗಳವಾರ ಇಲ್ಲಿ ಚಾಲ್ಯ. ಅನ್ನ ಕೊಡುವ ಪ್ರತಿಯೊಂದು ಸಾಮಾನಿಗೂ ಕಾಗದದ ಸುರುಳಿ ಸುತ್ತಿ, ಹೂವಿನ ಪಕಳೆ ಎರಚಿ, ಬಿಯರ್ ಚಿಮುಕಿಸುತ್ತಾರೆ. ಲಾರಿಗೆ, ತಕ್ಕಡಿಗೆ, ಹೊಲಿಗೆ ಯಂತ್ರಕ್ಕೆ ಅದರಿಂದ ಏನೂ ಆಗುವುದಿಲ್ಲ. ಕಂಪ್ಯೂಟರ್ ಕತೆ ಬೇರೆ.

ಊರಿನ ಮೂವತ್ತೊಂದು ಸಣ್ಣ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವವಳು ಸೆವೆರಿನಾ. ಔಷಧ ಅಂಗಡಿ, ಬೇಕರಿ, ಹಲ್ಲಿನ ಡಾಕ್ಟರು, ಒಬ್ಬ ಶವಪೆಟ್ಟಿಗೆಯವನು. ವಾರಕ್ಕೊಮ್ಮೆ ಪ್ರತಿ ಬಾಗಿಲಿಗೂ ನಡೆದೇ ಹೋಗುತ್ತಾಳೆ. ಯಂತ್ರದಲ್ಲಿರುವುದನ್ನೆಲ್ಲ ಡಿಸ್ಕಿಗೆ ಇಳಿಸಿ, ಒಂದನ್ನು ಅಲ್ಲಿ ಬಿಟ್ಟು, ಇನ್ನೊಂದನ್ನು ಮನೆಗೆ ತರುತ್ತಾಳೆ. ಮನೆಯ ತಗಡಿನ ಬೀರುವಿನಲ್ಲಿ ಒಂದೊಂದು ಅಂಗಡಿಯ ಡಿಸ್ಕಿಗೂ ಒಂದೊಂದು ಬಣ್ಣದ ಉಣ್ಣೆದಾರ. ಗುಮೆರ್ಸಿಂದಾ ಅವರದು ಕೇಸರಿ.

ಕಲಿತದ್ದು ಬಸ್ ನಿಲ್ದಾಣದ ಹತ್ತಿರದ ಇಂಟರ್ನೆಟ್ ಅಂಗಡಿಯಲ್ಲಿ, ಕಸ ಗುಡಿಸುತ್ತಾ. ಕೆಟ್ಟ ಯಂತ್ರಗಳನ್ನು ಮಾಲೀಕ ಮೂಲೆಗೆ ಎಸೆಯುತ್ತಿದ್ದ. ಇವಳು ಬಿಚ್ಚಿ ನೋಡುತ್ತಿದ್ದಳು. ಅಂಗಡಿ ಮುಚ್ಚಿದಾಗ ಸಂಬಳದ ಬದಲು ನಾಲ್ಕು ಕಂಪ್ಯೂಟರ್ ಹೊತ್ತು ತಂದಳು. ಮೊದಲ ವರ್ಷ ಬಾಗಿಲಲ್ಲೇ ತಡೆಯುತ್ತಿದ್ದರು. "ಒಬ್ಬ ವಕೀಲ ಕೇಳಿದ, ಪೊಯೆರಾ ಉಟ್ಕೊಂಡು ಬಂದಿದ್ದೀಯ, ಪಾತ್ರೆ ತೊಳೆಯೋಕಾ ಅಂತ. ಹೂಂ ಸಾರ್, ನಿಮ್ಮ ಕಂಪ್ಯೂಟರ್ ಒಳಗಿನ ಪಾತ್ರೆ ಅಂದೆ. ಎಂಥಾ ಕೊಳೆ ಅಂತೀರಾ!"

ಆ ವಕೀಲ ಈಗಲೂ ಅವಳ ಗಿರಾಕಿ.

ಅಂಗಡಿಗೆ ಹೋದರೆ ಮೇಜೆಲ್ಲ ಅಂಟು. ಗುಮೆರ್ಸಿಂದಾ ಅವರ ಅಳಿಯ ವಿಲ್ಮರ್ ಗೋಡೆಗೆ ಒರಗಿ ನಿಂತಿದ್ದಾನೆ. ಚಾಲ್ಯದ ಹೊತ್ತಿಗೆ ಕಂಪ್ಯೂಟರ್ ಚಾಲೂ ಇತ್ತು, ಹಾಡು ಹಾಕಿದ್ದರು. ಹಾಡಿನ ನಡುವೆಯೇ ಅದು ಆರಿಹೋಯಿತು.

"ಡಿಸ್ಕನ್ನ ಕೂದಲು ಒಣಗಿಸೋ ಮಷೀನಲ್ಲಿ ಒಣಗಿಸಿ ಚುಚ್ಚಿದೆ ಅಕ್ಕ. ಫಟ್ ಅಂತು."

"ಒದ್ದೆ ಡಿಸ್ಕ್ ಚುಚ್ಚೋ ಬದಲು ನನ್ನ ಕರೀಬಾರದಾಗಿತ್ತಾ?"

"ನೀವು ಕುಣೀತಿದ್ರಿ."

"ಕುಣೀತಿದ್ದೆ, ಸತ್ತಿರಲಿಲ್ಲ."

ನಲವತ್ತಮೂರು ಜಾಕೆಟ್‌ಗಳು ಹೊಲಿದು ಸಿದ್ಧವಾಗಿವೆ, ಕಸೂತಿಯೊಂದೇ ಬಾಕಿ. ಮೂರು ಬೀದಿಯಾಚೆಯ ಶಾಲೆಯ ಕೊನೇ ವರ್ಷದ ಮಕ್ಕಳವು. ಬೆನ್ನಿಗೆ ಶಾಲೆಯ ಲಾಂಛನ, ತೋಳಿಗೆ ಆಯಾ ಮಗು ಆರಿಸಿಕೊಂಡ ಅಡ್ಡಹೆಸರು. ಸೋಮವಾರ ಶಾಲೆಯ ಅಂಗಳದಲ್ಲಿ ಇಡೀ ಊರಿನ ಮುಂದೆ ತೊಟ್ಟು ನಿಲ್ಲಬೇಕು. ಆವತ್ತು ಬರಿ ತೋಳಿನ ಜಾಕೆಟ್ ಕೊಟ್ಟರೆ ಗುಮೆರ್ಸಿಂದಾ ಅವರಿಗೆ ಆ ಶಾಲೆ ಮಾತ್ರವಲ್ಲ, ನೋಡಲು ಬಂದ ಬೇರೆ ಶಾಲೆಗಳೂ ಕೈತಪ್ಪುತ್ತವೆ. ಕಸೂತಿ ಯಂತ್ರದ ಮುಂದೆ ಕೂರುವ ಐವರು ಹೆಂಗಸರಿಗೆ ವರ್ಷದ ಅರ್ಧ ಕೆಲಸ ಅದೇ.

ಸೆವೆರಿನಾ ಕೇಸರಿ ದಾರದ ಡಿಸ್ಕನ್ನು ತನ್ನ ಹಳೆಯ ಲ್ಯಾಪ್‌ಟಾಪಿಗೆ ಜೋಡಿಸುತ್ತಾಳೆ. ಒಂದೊಂದಾಗಿ ತೆರೆದುಕೊಳ್ಳುತ್ತವೆ: ಡ್ರ್ಯಾಗನ್ನು, ಕಾಂಡೋರ್ ಹದ್ದು, ಮದುವೆ ಶಾಲಿನ ಬಳ್ಳಿ, ಶಾಲೆಯ ಲಾಂಛನ. ಹನ್ನೊಂದು ವರ್ಷದ ಆರುನೂರ ಹದಿನಾಲ್ಕು ವಿನ್ಯಾಸಗಳು. ದೋನ್ಯಾ ಪರದೆಗೇ ಮುತ್ತು ಕೊಡುತ್ತಾರೆ!

"ಹೆಸರುಗಳು?" ಅನ್ನುತ್ತಾನೆ ವಿಲ್ಮರ್.

ಹೆಸರುಗಳಿಲ್ಲ. ಇದು ಮೂರು ವಾರದ ಹಿಂದಿನ ಪ್ರತಿ. ಅಡ್ಡಹೆಸರುಗಳನ್ನು ಬರೆಸಿಕೊಂಡಿದ್ದು ಆಮೇಲೆ, ನೇರ ಕಂಪ್ಯೂಟರಿಗೆ. ಶಾಲೆಯ ಪಟ್ಟಿಯಲ್ಲಿ ಇರುವುದು ಅಪ್ಪ ಅಮ್ಮ ಇಟ್ಟ ಹೆಸರು ಮಾತ್ರ.

"ಎರಡು ಸಲ ಬಂದೆ ದೋನ್ಯಾ ಗುಮಿ. ಕುಣಿಯೋರ ಬಟ್ಟೆ ಮುಗಿಸ್ಬೇಕು, ಹಬ್ಬ ಆದ್ಮೇಲೆ ಬಾ ಅಂದ್ರಿ."

"ಅಂದೆ. ನನ್ನ ನಾಲಿಗೆಗೆ ಬೆಂಕಿ ಹಾಕ."

"ನಾನು ವಾಪಸ್ ಹೋಗ್ಬಾರದಾಗಿತ್ತು. ಹೊಸಿಲ ಮೇಲೇ ಕೂತ್ಕೋಬೇಕಿತ್ತು. ಅದೇ ನನ್ನ ಕೆಲಸ. ಈ ತಪ್ಪು ನಂದು."

ಯಾರೂ ಅವಳನ್ನು ದೂರಿರಲಿಲ್ಲ. ಆದರೂ ಹಾಗೆಂದು, ಚಳಿಗೆ ಬಿರಿದ ಬೆರಳುಗಳಿಂದ ಕಸೂತಿ ಯಂತ್ರಕ್ಕೆ ಲ್ಯಾಪ್‌ಟಾಪನ್ನು ಜೋಡಿಸಲು ಕೂರುತ್ತಾಳೆ. ಈ ಕೆಲಸದಲ್ಲಿ ನಿನ್ನ ಆಸೆ ಏನು ಎಂದು ಕೇಳಿದರೆ ತಲೆ ಎತ್ತದೆ ಹೇಳುತ್ತಾಳೆ: "ಜನ ನನ್ನ ಮರೀಬೇಕು. ಮರೆತಿದ್ದಾರೆ ಅಂದ್ರೆ ಅವರದು ಏನೂ ಕಳೆದಿಲ್ಲ ಅಂತ."

ಮೊದಲ ಜಾಕೆಟ್‌ನ ಬೆನ್ನಿನ ಮೇಲೆ ಸೂಜಿ ಓಡತೊಡಗುತ್ತದೆ. ದೋನ್ಯಾ ಬೆರಳು ಮಡಚುತ್ತಾ ನೆನಪಿಸಿಕೊಳ್ಳುತ್ತಿದ್ದಾರೆ. "ಒಬ್ಬ 'ಸತ್ತ ಬ್ಯಾಟರಿ'. ಇನ್ನೊಬ್ಬಳು 'ಬೆಣ್ಣೆ'. ಅಲ್ಲ, 'ಎಣ್ಣೆ'ನೋ?"

"ಊಹೆ ಬೇಡ," ಸೆವೆರಿನಾ ತಡೆಯುತ್ತಾಳೆ. "ಬೆಣ್ಣೆ ಹುಡುಗಿ ತೋಳಿಗೆ ಎಣ್ಣೆ ಅಂತ ಹಾಕಿದ್ರೆ ಜೀವನಪರ್ಯಂತ ನಿಮ್ಮನ್ನ ಬೈತಾಳೆ. ಲಾಂಛನ ಇವತ್ತು ಮುಗಿಸಿ. ನಾಳೆ ಒಬ್ಬೊಬ್ರಿಗೂ ಅವರದೇ ಜಾಕೆಟ್ ತೊಡಿಸಿ, ಹೆಸರು ಅವರ ಬಾಯಿಂದಲೇ ಕೇಳೋಣ."

"ಇವತ್ತೇ ಹೋಗೋಣ್ವಾ?"

"ಇವತ್ತು ರಜೆ, ಶಾಲೆಗೆ ಬೀಗ. ನಾಳೆ ಏಳೂಕಾಲು, ಗೇಟಿನ ಹತ್ರ. ಜಾಕೆಟ್ ಮೂಟೆ ವಿಲ್ಮರ್ ಹೊರ್ತಾನೆ. ಲ್ಯಾಪ್‌ಟಾಪ್ ಇಲ್ಲೇ ಇರಲಿ, ಅದಕ್ಕೇನೂ ಕುಡಿಸ್ಬೇಡಿ."

"ಹೆಸರು ಯಾವುದ್ರಲ್ಲಿ ಬರ್ಕೊಳೋದು ಮತ್ತೆ?"

"ಕಾಗದದಲ್ಲಿ," ಅನ್ನುತ್ತಾಳೆ ಸೆವೆರಿನಾ, ಡಿಸ್ಕಿನ ಗಂಟನ್ನು ಬೆನ್ನಿಗೇರಿಸುತ್ತಾ. "ನೀವು ಪೆನ್ನು ತನ್ನಿ. ಕಾರ್ಬನ್ ಹಾಳೆ ನಾನು ತರ್ತೀನಿ."