ಉಪ್ಪುನೀರಿನ ಆಲೂಗಡ್ಡೆ

ಮೊನ್ನೆ ಹರಳುಪ್ಪಿನ ಡಬ್ಬಿ ತೆರೆದಾಗ ಬಂದ ತೇವದ ವಾಸನೆಗೆ, ಬಾದಾಮಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ವಿಜ್ಞಾನದ ಮಾಸ್ತರು ನೆನಪಾದರು. ಎಪ್ಪತ್ತರ ದಶಕದ ಕೊನೆಯಿರಬೇಕು. ಎಳವೆಯ ಜ್ವರವೊಂದು ಅವರ ಬಲಗಾಲನ್ನು ಸೊರಗಿಸಿತ್ತು. ಅಲ್ಲ, ಎಡಗಾಲೋ ಏನೋ... ಅಂತೂ ಕೋಲಿಲ್ಲದೆ ಅವರು ನಿಂತದ್ದನ್ನು ನಾವು ಕಂಡಿರಲಿಲ್ಲ.

ಸಂಜೆ ಅವರು ನಮ್ಮ ಕಟ್ಟೆಗೆ ಬಂದರೆ ಪ್ರಯೋಗಕ್ಕೆ ಖಾಲಿಯಾದೀತೆಂದು ಅವ್ವ ಉಪ್ಪಿನ ಡಬ್ಬಿ ಬಚ್ಚಿಡುತ್ತಿದ್ದಳು. ಒಮ್ಮೆ ಪುಸ್ತಕದ ತೇಲುವ-ಮುಳುಗುವ ಪ್ರಯೋಗಕ್ಕೆ ಕೋಳಿಮೊಟ್ಟೆ ಬೇಕಿತ್ತು; ನಮ್ಮದು ಲಿಂಗ ಕಟ್ಟಿದವರ ಮನೆ. "ತತ್ತಿ ಒಳಗ ತಂದ್ರ ನಿಮ್ಮವ್ವಾರು ನನ್ನ ಹೊರಗ ಹಾಕ್ತಾರ. ಆಲೂಗಡ್ಡಿ ತಾ," ಎಂದರು ಮಾಸ್ತರು. ಗಾಜಿನ ಬರಣಿಯಲ್ಲಿ ಮುಳುಗಿದ್ದ ಆಲೂಗಡ್ಡೆ, ಉಪ್ಪು ಕರಗಿದಂತೆ ತಾನಾಗಿ ಮೇಲೆದ್ದಿತು. ಆಮೇಲೆ ರಬ್ಬರಿಗೆ ಕಲ್ಲು ಕಟ್ಟಿ ಇಳಿಬಿಟ್ಟರು, ರಬ್ಬರು ಉದ್ದವಾಯಿತು. ಕಲ್ಲನ್ನು ನೀರಿಗಿಳಿಸಿದರೆ ರಬ್ಬರು ಗಿಡ್ಡವಾಯಿತು.

"ಕಲ್ಲು ಹಗರ ಆತು ನೋಡವಾ. ನೀರು ಕೆಳಗಿಂದ ಎತ್ತಿ ಹಿಡಿತೈತಿ. ನಾ ಹೇಳೀನಂತ ನಂಬಬ್ಯಾಡ, ಮಾಡಿ ನೋಡು."

ಮಾಡಿ ನೋಡಿದೆ. ನೋಡಿ ಕೇಳಿದೆ: "ಹಂಗಾರ ನೀರಾಗ ನೀವೂ ಹಗರ ಆಗ್ತೀರೇನ್ರಿ ಸರ? ಕೋಲಿಲ್ಲದ ನಿಂದರ್ತೀರಿ?"

ಅವ್ವ ಕಣ್ಣು ಕೆಂಪು ಮಾಡಿದಳು. ಮಾಸ್ತರು ಕಲ್ಲನ್ನು ನೀರಿನಿಂದೆತ್ತಿ ಮತ್ತೆ ಇಳಿಸಿದರು. "ಇಷ್ಟು ವರ್ಷ ಕಲಿಸೇನಿ, ನಾ ಮಾಡಿ ನೋಡಿಲ್ಲ ನೋಡು. ಹೊಳಿ ಅಂದ್ರ ಭಾಳ ಅಂಜಿಕಿ ನನಗ."

ಮುಂದೆ ಮಾಸ್ತರನ್ನೂ ಕರೆದುಕೊಂಡು ನಾವು ಹೊಳೆದಂಡೆಯ ಶಿವಯೋಗ ಮಂದಿರಕ್ಕೆ ಹೋದ ದಿನ ಮಲಪ್ರಭೆ ಶಾಂತವಾಗಿದ್ದಳು. ಅಪ್ಪನ ಹೆಗಲು ಹಿಡಿದು ಅವರು ನೀರಿಗಿಳಿದರು. ಮೊಣಕಾಲು, ಸೊಂಟ, ಎದೆ... ಕೋಲನ್ನು ದಂಡೆಯತ್ತ ತಳ್ಳಿದರು. ಅದು ತೇಲುತ್ತ ನನ್ನ ಬಳಿ ಬಂತು.

"ಸರ, ಬಿಡ್ಲ್ಯಾ?" ಎಂದ ಅಪ್ಪ.

"ಬಿಡ್ರಿ."

ಅವರು ನಿಂತರು. ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು. "ಖರೆ ಐತವಾ! ಪುಸ್ತಕದಾಗಿಂದು ಖರೆ ಐತಿ!" ಎಂದು ಕೂಗಿದರು. ನಾವು ದಿನಾ ಕುಡಿದು ಚೆಲ್ಲುವ ನೀರು, ಸದ್ದಿಲ್ಲದೆ ಒಬ್ಬ ಮನುಷ್ಯನನ್ನು ಎತ್ತಿ ನಿಲ್ಲಿಸಿತ್ತು.

ಅಪ್ಪ ಕೈ ಬಿಟ್ಟಿರಲೇ ಇಲ್ಲ, ನೀರೊಳಗೆ ಹಿಡಿದೇ ಇದ್ದ ಎಂದು ಅಣ್ಣ ಈಗ ಹೇಳುತ್ತಾನೆ. ಅವನೂ ದಂಡೆಯಲ್ಲಿದ್ದನಂತೆ, ನನ್ನ ನೆನಪಿನಲ್ಲಿ ಅವನಿಲ್ಲ. ಈಗ ಅಪ್ಪನಿಲ್ಲ, ಮಾಸ್ತರೂ ಇಲ್ಲ. ಯಾರನ್ನು ಕೇಳಲಿ? ಆ ದಿನವನ್ನು ಮತ್ತೆ ಮಾಡಿ ನೋಡಲಾಗದು.

ಮೊನ್ನೆ, ಉಪ್ಪಿನ ಡಬ್ಬಿ ತೆರೆದಾಗಲೇ, ಬರಣಿಯ ನೀರಿಗೆ ಆಲೂಗಡ್ಡೆ ಬಿಟ್ಟೆ, ಮುಳುಗಿತು. ಉಪ್ಪು ಸುರಿದು ಕಲಕಿ, ಕಾದೆ... ಅದು ತಳ ಬಿಟ್ಟು ಮೆಲ್ಲಗೆ ಮೇಲೆದ್ದಿತು. ನಾನು ಕೈ ತಾಗಿಸಿರಲಿಲ್ಲ.