ನಾಗಪುರದಲ್ಲಿ ಮಳೆಗೆ ಸಿಕ್ಕ ಐದು ದಿನ

"ಜಯಮ್ಮನ ಸ್ಥಿತಿ ಗಂಭೀರ. ತುಮಕೂರು ಆಸ್ಪತ್ರೆಗೆ ಸೇರಿಸಿದೆ. ಕೂಡಲೇ ಹೊರಟು ಬರುವುದು."

೧೯೭೯ರ ಆಷಾಢದ ಒಂದು ಬುಧವಾರ ಮಧ್ಯಾಹ್ನ ನಾಗಪುರದ ವಿಮಾನ ನಿಲ್ದಾಣದಲ್ಲಿ ಈ ಟೆಲಿಗ್ರಾಂ ನನ್ನ ಕೈಗೆ ಬಂತು. ನಾನು ಕೆಲಸ ಮಾಡುವ ಕಡೆಯಿಂದ ವಿಳಾಸ ತಿಳಿದು ಕಳಿಸಿದವರು ನನ್ನ ಮಾವನವರು. ಜಯಮ್ಮ ನನ್ನ ಹೆಂಡತಿ, ಎಂಟು ತಿಂಗಳ ಚೊಚ್ಚಲ ಬಸುರಿ. ನಾನಿದ್ದದ್ದು ಅವಳಿಂದ ಸಾವಿರ ಕಿಲೋಮೀಟರ್ ದೂರದಲ್ಲಿ, ಹೊರಗೆ ಸೋಮವಾರದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ.

ನಿಮ್ಮ ಅನುಭವ ಬರೆಯಿರಿ ಎಂದು ಭಜನೆಯ ಬಳಗದವರು ಎಷ್ಟೋ ಸಲ ಕೇಳಿದ್ದಾರೆ. ಇಷ್ಟು ವರ್ಷ ಹಿಂಜರಿದೆ. ಬೇಡಿದ್ದು ಸಿಕ್ಕವರು ಬರೆಯುತ್ತಾರೆ; ನಾನು ಬೇಡಿದ್ದು ನನಗೆ ಸಿಗಲಿಲ್ಲ. ಆದರೂ ಆಂಜನೇಯ ಸ್ವಾಮಿ ನಮ್ಮ ಮನೆಯ ಮೊರೆ ಕೇಳಿದ್ದು ನಿಜ. ಹೇಗೆಂದು ನಡೆದದ್ದು ನಡೆದಂತೆ ಹೇಳುತ್ತೇನೆ.

ನನ್ನ ಊರು ಗುಬ್ಬಿ. ಬೆಂಗಳೂರಿನ ಹೊರಗೆ ವಿಮಾನ ಹಾರಿಸುವುದನ್ನು ಕಲಿಸುವ ಒಂದು ಶಾಲೆಯಲ್ಲಿ ನಾನು ಮೆಕ್ಯಾನಿಕ್. ವಾರವೆಲ್ಲ ಅಲ್ಲಿದ್ದು ಶನಿವಾರ ಸಂಜೆಯ ಬಸ್ಸಿಗೆ ತುಮಕೂರಿನ ಬಾಡಿಗೆ ಮನೆಗೆ ಬರುತ್ತಿದ್ದೆ. ಮದುವೆಯಾಗಿ ಆರು ವರ್ಷ ನಮಗೆ ಮಕ್ಕಳಿರಲಿಲ್ಲ. ಊರ ಕೆರೆ ಏರಿಯ ಆಂಜನೇಯ ನಮ್ಮ ಮನೆಯವರೆಲ್ಲ ನಡೆದುಕೊಳ್ಳುವ ದೇವರು. ಜಯಮ್ಮ ಅಲ್ಲಿ ಒಂದು ಮಂಡಲ ಪ್ರದಕ್ಷಿಣೆ ಹಾಕಿದ ಮೇಲೆ ನಿಂತ ಬಸಿರು ಅದು. ಏಳನೇ ತಿಂಗಳಲ್ಲಿ ಸೀಮಂತ ಮಾಡಿ ಅವಳನ್ನು ಕುಣಿಗಲ್ಲಿನ ತವರಿಗೆ ಕಳಿಸಿದ್ದೆ.

ಆಗಲೇ ನಮ್ಮ ಶಾಲೆಯ ನಾಲ್ಕು ಸೀಟಿನ ವಿಮಾನವೊಂದು ಉತ್ತರದಲ್ಲಿ ದೊಡ್ಡ ರಿಪೇರಿ ಮುಗಿಸಿ ತಯಾರಾಗಿದೆ ಎಂದು ಸುದ್ದಿ ಬಂತು. ಕ್ಯಾಪ್ಟನ್ ಮತ್ತು ನಾನು ರೈಲಿನಲ್ಲಿ ಹೋಗಿ ಅದನ್ನು ಹಾರಿಸಿಕೊಂಡು ಬರಬೇಕಾಗಿತ್ತು. ಕ್ಯಾಪ್ಟನ್ ಕೊಡಗಿನವರು, ಸೇನೆಯಲ್ಲಿದ್ದು ನಿವೃತ್ತರಾದವರು, ಮಾತು ಕಡಿಮೆ. ಬರುವಾಗ ಎರಡು ದಿನದ ಹಾರಾಟ, ಹೆರಿಗೆಗೆ ಇನ್ನೂ ತಿಂಗಳಿದೆ ಎಂದು ಧೈರ್ಯವಾಗಿ ಹೊರಟೆ.

ಅಂಥ ಸಣ್ಣ ವಿಮಾನ ಮೋಡದೊಳಗೆ ಹೋಗುವಂತಿಲ್ಲ. ಪೈಲಟ್ಟಿಗೆ ಕೆಳಗೆ ನೆಲ ಕಾಣುತ್ತಿರಬೇಕು. ರೈಲು ಹಳಿ, ಹೊಳೆ, ಕೆರೆ ಇವನ್ನು ಗುರುತು ಹಿಡಿದೇ ದಾರಿ ಸಾಗಬೇಕು. ಹೊರಟ ಮೊದಲ ದಿನವೇ ಮಳೆ ಅಡ್ಡ ಬಂತು. ಸೋಮವಾರ ಮಧ್ಯಾಹ್ನ ಹೇಗೋ ನಾಗಪುರದಲ್ಲಿ ಇಳಿದೆವು. ಅಲ್ಲಿಂದ ಮುಂದೆ ಆಕಾಶವೇ ಇರಲಿಲ್ಲ. ದಿನಾ ಬೆಳಿಗ್ಗೆ ಗಾಳಿಗೆ ಅಲುಗದಂತೆ ವಿಮಾನಕ್ಕೆ ಕಟ್ಟಿದ ಹಗ್ಗ ಬಿಗಿಮಾಡುವುದು, ಪೆಟ್ರೋಲಿಗೆ ನೀರು ಸೇರಿದೆಯೇ ಎಂದು ಗಾಜಿನ ಲೋಟದಲ್ಲಿ ಹಿಡಿದು ನೋಡುವುದು, ಹವಾಮಾನದ ಕಚೇರಿಗೆ ಹೋಗಿ ಇವತ್ತೂ ಇಲ್ಲ ಎನ್ನಿಸಿಕೊಂಡು ಬರುವುದು. ಇಷ್ಟೇ ಕೆಲಸವಾಗಿತ್ತು. ಆಮೇಲೆ ಬಂದದ್ದು ಆ ಟೆಲಿಗ್ರಾಂ.

ಟ್ರಂಕ್ ಕಾಲ್ ಬುಕ್ ಮಾಡಿದೆ. ಮಳೆಗೆ ಲೈನು ಬಿದ್ದಿದೆ ಎಂದರು. ರೈಲು ನಿಲ್ದಾಣಕ್ಕೆ ಓಡಿದೆ; ದಕ್ಷಿಣದ ದಾರಿಯಲ್ಲಿ ಸೇತುವೆಯ ಮೇಲೆ ನೀರು ಹರಿಯುತ್ತಿದೆ, ಯಾವ ಗಾಡಿಯೂ ಹೊರಡುವುದಿಲ್ಲ ಎಂದರು. ಬಸ್ಸಿನ ಕಥೆಯೂ ಅದೇ. ಲಾಡ್ಜಿಗೆ ಬಂದು ಒದ್ದೆ ಬಟ್ಟೆಯಲ್ಲೇ ಕೂತು ಆಂಜನೇಯನನ್ನು ಬೇಡಿದೆ. ನೀನು ವಾಯುಪುತ್ರ, ನಿನ್ನ ತಂದೆಗೆ ಹೇಳಿ ಈ ಮೋಡ ಸರಿಸು, ಒಂದೇ ಒಂದು ದಿನ ಆಕಾಶ ಕೊಡು ಎಂದು ಮಗುವಿನಂತೆ ಅತ್ತೆ.

ಗುರುವಾರ ಬೆಳಗಾದಾಗ ಮಳೆ ತುಸು ತೆಳುವಾಗಿತ್ತು. ಸ್ವಾಮಿ ಕೇಳಿದ ಎಂದುಕೊಂಡು ಕ್ಯಾಪ್ಟನ್ನರ ಹಿಂದೆ ಬಿದ್ದೆ. ಅವರು ಹವಾಮಾನದ ಕಾಗದ ಓದಿ ತಲೆ ಅಲ್ಲಾಡಿಸಿದರು. ನಾನು ಅವರ ಕಾಲು ಹಿಡಿಯಲು ಹೋದೆ. ಅವರು ನನ್ನ ಭುಜ ಹಿಡಿದೆತ್ತಿ, "ನೆಲ ಕಾಣದಿದ್ರೆ ನಾನು ಪೈಲಟ್ ಅಲ್ಲ ರಂಗಪ್ಪ, ಕುರುಡ. ಕುರುಡನ ಹಿಂದೆ ಕೂತು ನೀನು ಮನೆ ಸೇರಲ್ಲ" ಅಂದರು. ನಿಮಗೆ ಹೆಂಡತಿ ಮಕ್ಕಳಿದ್ದರೆ ತಿಳಿಯುತ್ತಿತ್ತು ಎಂದು ಬಾಯಿಗೆ ಬಂದದ್ದು ಆಡಿದೆ. ಅವರು ಒಂಟಿ ಮನುಷ್ಯ. ಕಾಗದ ಮಡಚಿ ಜೇಬಿಗಿಟ್ಟುಕೊಂಡರು.

ನಮ್ಮಂತೆಯೇ ಮಳೆಗೆ ಸಿಕ್ಕ ಇನ್ನೊಂದು ಸಣ್ಣ ವಿಮಾನ ಅಲ್ಲಿತ್ತು. ಯಾವುದೋ ಖಾಸಗಿಯವರದು. ಪೈಲಟ್ ತೆಲುಗಿನವರು, ಮೂವತ್ತು ದಾಟಿರಲಿಲ್ಲ. ಅವರ ಜೊತೆಗೆ ಹಿರಿಯರೊಬ್ಬರಿದ್ದರು. ಹಿಂದಿನ ದಿನ ನಾನು ಟೆಲಿಗ್ರಾಂ ಹಿಡಿದು ಕೂತಿದ್ದಾಗ ಆ ಪೈಲಟ್ ತಮ್ಮ ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಟ್ಟಿದ್ದರು. ಅವರು ಗುರುವಾರ ಹೈದರಾಬಾದಿಗೆ ಹೊರಡುವುದೆಂದು ತೀರ್ಮಾನಿಸಿದ್ದರು. ನನ್ನ ಗೋಳು ಕೇಳಿ, ಒಂದು ಸೀಟು ಖಾಲಿ ಇದೆ, ಅರ್ಧ ಗಂಟೆಯಲ್ಲಿ ಬ್ಯಾಗ್ ತಂದರೆ ಕರೆದುಕೊಂಡು ಹೋಗುತ್ತೇನೆ ಎಂದರು.

ಕ್ಯಾಪ್ಟನ್ ತಡೆಯಲಿಲ್ಲ. "ಹೋಗೋದಾದ್ರೆ ಹೋಗು. ನಾನಾಗಿದ್ರೆ ಹೋಗ್ತಿರ್ಲಿಲ್ಲ" ಅಂದರು ಅಷ್ಟೇ.

ಸೈಕಲ್ ರಿಕ್ಷಾ ಹಿಡಿದು ಲಾಡ್ಜಿಗೆ ಹೋಗಿ ಬ್ಯಾಗ್ ತೆಗೆದುಕೊಂಡು ಅದೇ ರಿಕ್ಷಾದಲ್ಲಿ ಹಿಂದಕ್ಕೆ ಹೊರಟೆ. ದಾರಿಯಲ್ಲಿ ಮಳೆ ಮತ್ತೆ ಜೋರಾಯಿತು. ರೈಲು ಸೇತುವೆಯ ಕೆಳಗೆ ನೀರು ನಿಂತು ರಿಕ್ಷಾದ ಚಕ್ರ ಎಲ್ಲೋ ಗುಂಡಿಗೆ ಕಚ್ಚಿಕೊಂಡಿತು. ರಿಕ್ಷಾದವನು ಎಳೆದ, ನಾನು ಹಿಂದಿನಿಂದ ನೂಕಿದೆ, ಅಲುಗಲಿಲ್ಲ. ಬ್ಯಾಗನ್ನು ತಲೆ ಮೇಲಿಟ್ಟು ಮೊಣಕಾಲುದ್ದ ನೀರಿನಲ್ಲಿ ನಡೆದೆ, ಆಮೇಲೆ ಓಡಿದೆ. ನಾನು ನಿಲ್ದಾಣ ಮುಟ್ಟಿದಾಗ ಆ ವಿಮಾನ ಆಗಲೇ ರನ್‌ವೇಯ ತುದಿಯಲ್ಲಿತ್ತು. ಮೋಡ ಮತ್ತೆ ಮುಚ್ಚುವ ಮುಂಚೆ ಹೊರಡಬೇಕೆಂದು ಅವರು ನನ್ನನ್ನು ಕಾಯಲಿಲ್ಲ. ಕೈಬೀಸಿ ಕೂಗಿದೆ. ಅದು ಎದ್ದು, ಒಂದು ಸುತ್ತು ಹಾಕಿ, ದಕ್ಷಿಣಕ್ಕೆ ತಿರುಗಿ ಮೋಡದಲ್ಲಿ ಕರಗಿತು.

ಆಗ ನಾನು ಮಾಡಿದ್ದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಆ ಮಳೆಯಲ್ಲಿ ನಿಂತು ದೇವರನ್ನು ಬೈದೆ. ಹೇಳಬಾರದ ಮಾತಿನಲ್ಲಿ ಬೈದೆ. ಆರು ವರ್ಷ ಕಾಯಿಸಿ ಕೊಟ್ಟೆ, ಈಗ ಹೆಂಡತಿ ಮುಖ ನೋಡಲೂ ಬಿಡುತ್ತಿಲ್ಲ, ನಿನ್ನ ಗುಡಿಯ ಮೆಟ್ಟಿಲು ಇನ್ನು ಹತ್ತುವುದಿಲ್ಲ ಎಂದು ಆಣೆ ಮಾಡಿದೆ.

ಸಂಜೆಯವರೆಗೂ ಆ ವಿಮಾನ ಹೈದರಾಬಾದ್ ತಲುಪಿದ ಸುದ್ದಿ ಬರಲಿಲ್ಲ. ಶುಕ್ರವಾರ ಮಧ್ಯಾಹ್ನ ಕ್ಯಾಪ್ಟನ್ ಕಚೇರಿಯಿಂದ ಬಂದು ನನ್ನ ಪಕ್ಕ ಕೂತರು. ಮೋಡದಲ್ಲಿ ದಾರಿ ತಪ್ಪಿ ಒಂದು ಗುಡ್ಡಕ್ಕೆ ಹೊಡೆದಿದೆ, ಇಬ್ಬರೂ ಉಳಿದಿಲ್ಲ ಎಂದು ಮೆಲ್ಲಗೆ ಹೇಳಿದರು. ನಾನು ಎದ್ದು ಹೋಗಿ ಮಳೆಯಲ್ಲೇ ನಮ್ಮ ವಿಮಾನದ ಚಕ್ರಕ್ಕೆ ಒರಗಿ ಕೂತೆ. ಕ್ಯಾಪ್ಟನ್ ತಮ್ಮ ರೇನ್‌ಕೋಟ್ ಬಿಚ್ಚಿ ನನ್ನ ಮೇಲೆ ಹೊದಿಸಿದರು. ಬದುಕಿದೆ ಎಂಬ ಸಂತೋಷ ಆಗ ಆಗಲಿಲ್ಲ. ಆ ಚಹಾ ಕೊಟ್ಟ ಕೈ ಮಾತ್ರ ಕಣ್ಣೆದುರಿಗೆ ಬರುತ್ತಿತ್ತು.

ಶನಿವಾರ ಮೋಡ ಬಿಟ್ಟಿತು. ಅವತ್ತು ಹೈದರಾಬಾದಿನವರೆಗೆ ಹಾರಿದೆವು. ಗುಡ್ಡಗಳ ಸಾಲು ಬಂದಾಗ ನಾನು ಕಣ್ಣು ಮುಚ್ಚಿದ್ದೆ. ಭಾನುವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಸಿಕ್ಕ ಬಸ್ಸಿನಲ್ಲಿ ನಿಂತುಕೊಂಡೇ ತುಮಕೂರಿಗೆ ಬಂದೆ.

ಆಸ್ಪತ್ರೆಯ ಗೇಟಿನ ಹತ್ತಿರ ಮಾವನವರು ಊಟದ ಕ್ಯಾರಿಯರ್ ಹಿಡಿದು ನಿಂತಿದ್ದರು. ಕುಣಿಗಲ್ಲಿನಲ್ಲಿ ಮೇಷ್ಟರಾಗಿದ್ದವರು, ಎಂದೂ ಬೆನ್ನು ಬಾಗಿಸಿ ನಡೆದವರಲ್ಲ, ಅವತ್ತು ಕುಗ್ಗಿದ್ದರು. ಮಂಗಳವಾರ ಬೆಳಿಗ್ಗೆ ಜಯಮ್ಮನಿಗೆ ತಲೆನೋವು ಎಂದು ಶುರುವಾಗಿ ಬಿ.ಪಿ. ಏರಿ ಫಿಟ್ಸ್ ಬಂತಂತೆ. ಪಕ್ಕದ ಮನೆಯವರ ವ್ಯಾನಿನಲ್ಲಿ ಮಲಗಿಸಿಕೊಂಡು ಹೊರಟರೆ ಹೆಬ್ಬೂರು ದಾಟುವಷ್ಟರಲ್ಲಿ ಇನ್ನೊಂದು ಸಲ ಬಂತಂತೆ. ಡಾಕ್ಟರಮ್ಮ ಕೈಲಾದದ್ದೆಲ್ಲ ಮಾಡಿದರು. ಬುಧವಾರ ನಸುಕಿನಲ್ಲಿ ಹೆಣ್ಣು ಮಗು ಹುಟ್ಟಿತು. ಉಸಿರಿರಲಿಲ್ಲ.

"ನಾನೇ ಮಣ್ಣು ಮಾಡ್ಬುಟ್ಟೆ ಅಳಿಯಂದ್ರೆ. ನಿಮ್ಮನ್ನ ಕಾಯಕ್ಕೆ ಆಗ್ಲಿಲ್ಲ" ಅಂದರು.

ಟೆಲಿಗ್ರಾಂ ನನ್ನ ಕೈ ಸೇರುವ ಮೊದಲೇ ನನ್ನ ಮಗಳು ಹೋಗಿದ್ದಳು. ನಾನು ಬೇಡಿದ್ದು, ಓಡಿದ್ದು, ಬೈದದ್ದು ಎಲ್ಲವೂ ಅದರ ನಂತರದ್ದು.

ಜಯಮ್ಮನ ಮುಖ ಗುರುತೇ ಸಿಗದಂತೆ ಬಾತಿತ್ತು. ಫಿಟ್ಸಿನಲ್ಲಿ ನಾಲಿಗೆ ಕಚ್ಚಿಕೊಂಡಿದ್ದರಿಂದ ಮಾತು ತೊದಲುತ್ತಿತ್ತು. ನನ್ನನ್ನು ನೋಡಿ ಮೊದಲು ಕೇಳಿದ್ದು ಊಟ ಆಯ್ತಾ ಎಂದು. ನನಗೆ ತಡೆಯಲಾಗಲಿಲ್ಲ. ಅವಳ ಕೈ ಹಿಡಿದು, "ದಿನಾ ಬೇಡ್ಕೊಂಡೆ ಕಣೆ, ಮಳೆ ನಿಲ್ಸು, ನನ್ನ ಕಳ್ಸು ಅಂತ. ಅವ್ನು ಕೇಳ್ಲಿಲ್ಲ" ಅಂದೆ.

ಅವಳು ಸೆರಗಿನಿಂದ ನನ್ನ ಕಣ್ಣೊರೆಸಿದಳು. ಆಮೇಲೆ, "ನಾನು ಬೇಡ ಅಂದಿದ್ದೆ" ಅಂದಳು.

ನನಗೆ ಅರ್ಥವಾಗಲಿಲ್ಲ. ನಿಲ್ಲಿಸಿ ನಿಲ್ಲಿಸಿ ಅವಳೇ ಹೇಳಿದಳು. "ಗುರುವಾರ ಬೆಳಿಗ್ಗೆ ಎಚ್ಚರ ಆಯ್ತು. ಮಗು ಇಲ್ಲ ಅಂದ್ರು. ಅಲ್ಲಿ ಬಾಳ ಮಳೆಯಂತೆ, ಆದ್ರೂ ಹೆಂಗಾದ್ರೂ ಹೊರಟು ಬತ್ತಾರೆ ಅಂತ ಅಮ್ಮ ಸಮಾಧಾನ ಹೇಳಿದ್ರು. ನಂಗೆ ಎದೆ ಒಡೆದೋಯ್ತು. ಆಗ ಆಂಜನೇಯನ್ನ ಕೇಳ್ಕಂಡೆ. ಮಗು ತಗಂಡೆ, ತಗೊ. ಅವರನ್ನ ಮಾತ್ರ ಆ ಮಳೆಲಿ ಮೇಲಕ್ಕೆ ಏರಿಸ್ಬೇಡ. ನೆಲದ ಮೇಲೇ ಇಡು ಅಂತ."

ಅದು ಯಾವ ಹೊತ್ತು ಎಂದು ಕೇಳಿದೆ. ವಾರ್ಡಿನಲ್ಲಿ ಕಾಫಿ ಕೊಡುವ ಹೊತ್ತಂತೆ. ಗಡಿಯಾರ ನೋಡಿದವರಿಲ್ಲ, ಗಂಟೆ ನಿಮಿಷ ತಾಳೆ ಹಾಕಿ ಹೇಳಲಾರೆ. ನಾನು ಸೇತುವೆಯ ಕೆಳಗೆ ನೀರಿನಲ್ಲಿ ರಿಕ್ಷಾ ನೂಕುತ್ತಿದ್ದದ್ದೂ ಅದೇ ಬೆಳಿಗ್ಗೆ ಎಂದಷ್ಟೇ ಬಲ್ಲೆ.

ಆ ಇನ್ನೊಂದು ವಿಮಾನದ ಸಂಗತಿ ಅವಳಿಗೆ ಹೇಳಲು ನನಗೆ ಮೂರು ತಿಂಗಳು ಬೇಕಾಯಿತು. ಕೇಳಿ ಅವಳು ತಕ್ಷಣ ಕೇಳಿದ್ದು, ಆ ಹುಡುಗನಿಗೆ ಮನೆಯಲ್ಲಿ ಯಾರಿದ್ದರು ಎಂದು. ನನಗೆ ಗೊತ್ತಿರಲಿಲ್ಲ. ಅವರ ಮನೆಯಲ್ಲಿ ದೇವರನ್ನು ಬೇಡುವವರು ಇರಲಿಲ್ಲವೇ? ಇದ್ದೇ ಇರುತ್ತಾರೆ. ನಮ್ಮದನ್ನು ಕೇಳಿದ, ಅವರದನ್ನು ಏಕೆ ಕೇಳಲಿಲ್ಲ ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ತಿಳಿದವರು ಹೇಳಿದ ಉತ್ತರಗಳೂ ನನಗೆ ಸಮಾಧಾನ ತಂದಿಲ್ಲ. ಗುಡಿಯಲ್ಲಿ ದೀಪ ಹಚ್ಚುವಾಗ ಅವರಿಬ್ಬರ ಹೆಸರಿನಲ್ಲೂ ಒಂದೊಂದು ಹಚ್ಚುತ್ತೇವೆ. ಹೆಸರು ಗೊತ್ತಿಲ್ಲ, ಸ್ವಾಮಿಗೆ ಗೊತ್ತಿದೆ.

ಆಣೆ ಮುರಿದು ನಾನು ಮೆಟ್ಟಿಲು ಹತ್ತಿದ್ದು ಅವಳ ಜೊತೆಯಲ್ಲೇ. ಅವಳಿಗೆ ಆಗಿನ್ನೂ ನಿಶ್ಶಕ್ತಿ, ನನ್ನ ತೋಳು ಹಿಡಿದು ಕೆರೆ ಏರಿ ಹತ್ತಿದಳು. ಗರ್ಭಗುಡಿಯ ಎದುರು ನನಗೆ ತಲೆ ಎತ್ತಲಾಗಲಿಲ್ಲ. ಬೈದವನನ್ನೂ ನೀರಿನಲ್ಲಿ ಹಿಡಿದು ನಿಲ್ಲಿಸಿದೆಯಲ್ಲ ತಂದೆ ಎಂದು ಅಡ್ಡಬಿದ್ದೆ.

ನಮಗೆ ಮುಂದೆ ಮಕ್ಕಳಾಗಲಿಲ್ಲ. ಡಾಕ್ಟರಮ್ಮ ಇನ್ನು ಬೇಡ ಎಂದಿದ್ದರು. ಆ ನೋವು ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆಷಾಢದ ಮೋಡ ಕವಿದರೆ ಇವತ್ತಿಗೂ ಇಬ್ಬರೂ ಮಾತು ಕಡಿಮೆ ಮಾಡುತ್ತೇವೆ. ಆದರೆ ಇದು ನಡೆದು ಒಂಬತ್ತು ವರ್ಷವಾಯಿತು, ಒಬ್ಬರಿಗೊಬ್ಬರು ಉಳಿದಿದ್ದೇವೆ. ಇದು ಅವನು ಕೊಟ್ಟದ್ದು. ನಮ್ಮಂತೆ ಕೇಳಿದ್ದು ಸಿಗದೆ ಮುನಿಸಿಕೊಂಡು ಕೂತವರು ನಿಮ್ಮಲ್ಲಿ ಯಾರಾದರೂ ಇದ್ದರೆ, ನಿಮಗಾಗಿ ಮನೆಯಲ್ಲಿ ಬೇರೆ ಯಾರು ಏನು ಬೇಡಿಕೊಂಡಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ ಎಂದಷ್ಟೇ ನನ್ನ ವಿನಂತಿ.

ಈಗಲೂ ಶನಿವಾರ ತುಮಕೂರಿನಿಂದ ಇಬ್ಬರೂ ಬಸ್ಸಿನಲ್ಲಿ ಗುಬ್ಬಿಗೆ ಹೋಗುತ್ತೇವೆ. ಮಂಗಳಾರತಿ ತೆಗೆದುಕೊಂಡು ಕೆರೆ ಏರಿ ಇಳಿಯುವಾಗ ಜಯಮ್ಮ, ಏನು ಕೇಳ್ಕಂಡ್ರಿ ಎಂದು ಕೇಳುತ್ತಾಳೆ.

"ನೀನು ಕೇಳ್ಕಂಡಿದ್ದೇ ಆಗ್ಲಿ ಅಂತ" ಅನ್ನುತ್ತೇನೆ.