ಕೊಕ್ಕು ಉಳಿಸಿದ ಕಾಕಾ

ಕಾಕಾರ ಬಲಗೈಯ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಹಾಗಾದದ್ದಂತೆ. ಉಗುರು ಅಡ್ಡಡ್ಡ ಬೆಳೆದು ಸಣ್ಣ ಸಲಿಕೆಯ ಹಾಗೆ ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ಏನು ಬರೆಯುವುದಿದ್ದರೂ ಆ ಒಂದೇ ಬೆರಳಿನಿಂದ. ಒಂದು ಅಕ್ಷರ ಒತ್ತುವುದು, ತಲೆಯೆತ್ತಿ ಅದು ಟಿವಿಯ ಮೇಲೆ ಮೂಡಿತೇ ಎಂದು ನೋಡುವುದು, ಮತ್ತೆ ಒತ್ತುವುದು. ಪಕ್ಕದಲ್ಲಿ ಕೂತವರಿಗೆ ಜೀವ ಸಾಕಾಗುತ್ತಿತ್ತು. ಕೂತವಳು ನಾನು.

ಮರಾಠಿ ಸೀಮೆಯ ಖಡಕಿಯಲ್ಲಿ ನಮ್ಮ ಕೆಳಗಿನ ಮನೆ ಅವರದು. ಮೂಲ ಗದಗಿನ ಕಡೆಯವರು, ಇಲ್ಲಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಅವರನ್ನು ಕಾಕಾ, ಅವರ ಹೆಂಡತಿಯನ್ನು ಕಾಕು ಎಂದೇ ಎಲ್ಲರೂ ಕರೆಯುತ್ತಿದ್ದೆವು. ಮದುವೆಯ ಹೊಸತರಲ್ಲಿ ಕೊಂಡ ಕಂಪ್ಯೂಟರ್ ಒಂದು ಅವರ ಮನೆಯಲ್ಲಿತ್ತು. ಕೀಲಿಮಣೆಯ ಹೊಟ್ಟೆಯೊಳಗೇ ಇಡೀ ಯಂತ್ರ. ಟಿವಿಗೆ ಜೋಡಿಸಬೇಕು, ಬರೆದದ್ದನ್ನು ಹಾಡಿನ ಕ್ಯಾಸೆಟ್ಟಿನಲ್ಲಿ ಕೂಡಿಡಬೇಕು. ಅದಕ್ಕೆ ಬರುತ್ತಿದ್ದ ಪ್ರೋಗ್ರಾಮಿನ ಭಾಷೆ ಬೇಸಿಕ್ ಒಂದೇ. ಪ್ರತಿ ಸಾಲಿನ ಮೊದಲಿಗೆ ನಂಬರು ಹಾಕಿದರಷ್ಟೇ ಅದು ಮಾತು ಕೇಳುತ್ತಿತ್ತು.

ಯಂತ್ರ ಹಣ್ಣಾಗಿತ್ತು. ಅದು ಕಣ್ಣು ಮುಚ್ಚುವ ಮೊದಲು ಅದರ ಭಾಷೆಯನ್ನು ಅಂಗೈಯಗಲದ ಹೊಸ ಕಂಪ್ಯೂಟರ್ ಬೋರ್ಡೊಂದಕ್ಕೆ ದಾಟಿಸಬೇಕು, ದಾಟಿಸುವಾಗಲೇ ಈ ಕಾಲಕ್ಕೆ ತಕ್ಕಂತೆ ಮಾಡಬೇಕು, ನಂಬರಿಲ್ಲದೆ ಬರೆದರೂ ನಡೆಯಬೇಕು ಎಂಬುದು ಕಾಕಾರ ಹಟ. ನಾನು ವಾರವೆಲ್ಲ ಆಫೀಸಿನಲ್ಲಿ ಮಾಡುವುದೂ ಇದನ್ನೇ: ಯಾರೋ ಬರೆದಿಟ್ಟ ಹಳೆಯ ಪ್ರೋಗ್ರಾಮು ಕೆಡವಿ ಹೊಸದು ಕಟ್ಟುವುದು. ಭಾನುವಾರವೂ ಅದೇ ಅಂದರೆ ಮೈಕೈ ಸೋತುಹೋಗುತ್ತಿತ್ತು. ಆದರೂ ಹೋಗುತ್ತಿದ್ದೆ. ಕಾಕು ಹಚ್ಚಿದ ಅವಲಕ್ಕಿ ಕೊಡುತ್ತಿದ್ದರು. ಆ ಮನೆಯಲ್ಲಿ ಯಾರೂ ನನಗೆ ಗಡಿಬಿಡಿ ಮಾಡುತ್ತಿರಲಿಲ್ಲ.

"ಜಲ್ದಿ ಮಾಡ್ರಿ ಕಾಕಾ" ಎಂದರೆ, "ಆಫೀಸಿನಾಗ ಜಲ್ದಿ ಮಾಡ್ತಿಯಲ್ಲ, ಸಾಕಾಗಿಲ್ಲೇನ ತಂಗಿ?" ಎನ್ನುತ್ತಿದ್ದರು.

ಆ ಹಟದ ಹಿಂದೆ ಒಂದು ಗಿಳಿಯಿತ್ತು. ಯಂತ್ರ ಹೊಸದಾಗಿದ್ದಾಗ, ಕಾಕಾ ಡ್ಯೂಟಿಗೆ ಹೋದ ಹೊತ್ತಿನಲ್ಲಿ ಕಾಕು ತಾವೇ ಪುಸ್ತಕ ನೋಡಿ ಬೇಸಿಕ್ ಕಲಿತು ಟಿವಿಯ ಮೇಲೆ ಹೂವಿನ ರಂಗೋಲಿ ಹಾಕಿಸಿದ್ದರು. ಎಲ್ಲ ಎಸಳೂ ಸರಿಯಾಗಿ ಬಂದು, ಬಲಗಡೆಯದೊಂದು ಮಾತ್ರ ಜಾರಿ ಬಾಗುತ್ತಿತ್ತು. ಎಷ್ಟು ತಿದ್ದಿದರೂ ಅಷ್ಟೇ. ಕೊನೆಗೆ ಸಿಟ್ಟು ಬಂದು, "ಬಾಗಿದ್ರ ಬಾಗ್ಲಿ, ಕೊಕ್ಕ ಮಾಡ್ತೀನಿ" ಎಂದು ಆ ಹೂವನ್ನೇ ತಲೆ ಮಾಡಿ, ಕಣ್ಣು, ರೆಕ್ಕೆ, ಬಾಲ ಸೇರಿಸಿ ಗಿಳಿ ಮಾಡಿಬಿಟ್ಟರಂತೆ. ಕಾಕಾ ಈ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. "ಸಾಕ್ ಮಾಡ್ರಿ, ಮಂದಿ ನಗ್ತಾರ" ಎಂದು ಕಾಕು ಅಡುಗೆಮನೆಯಿಂದ ಗದರುತ್ತಿದ್ದರು. ಆದರೆ ಕತೆ ಮುಗಿಯುವವರೆಗೆ ಗ್ಯಾಸು ಸಣ್ಣ ಮಾಡಿಕೊಂಡು ಕೇಳುತ್ತಿದ್ದರು.

ಒಂದು ದಿನ ಹಳೆಯ ಯಂತ್ರ ಚಾಲೂ ಆಗಲೇ ಇಲ್ಲ. ಕಾಕಾ ಬಿಡಿಭಾಗ ಹುಡುಕಿ ಬುಧವಾರ ಪೇಟೆ ಎಂಬ ಬಜಾರಿನ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದರು. ಗಿಳಿ ಇನ್ನು ಕ್ಯಾಸೆಟ್ಟಿನಲ್ಲಷ್ಟೇ ಉಳಿದಿತ್ತು. ಅದನ್ನು ಎಬ್ಬಿಸುವುದಿದ್ದರೆ ನಮ್ಮ ಹೊಸ ಬೋರ್ಡೇ ಎಬ್ಬಿಸಬೇಕು. ಮೊದಲ ಸಲ ಹಚ್ಚಿ ನೋಡಿದಾಗ ಗಿಳಿಯೇನೋ ಬಂತು, ಮುಖದಿಂದ ಮಾತ್ರ ನೆಟ್ಟನೆಯ ಗೆರೆಯೊಂದು ಚಾಚಿಕೊಂಡಿತ್ತು.

"ಇದೇನ್ರೀ, ಕೊಕ್ಕರಿ? ನನ್ನ ಗಿಳಿ ಎಲ್ಲದ?" ಎಂದರು ಕಾಕು. ನಗುತ್ತಲೇ ಕೇಳಿದರು, ಆಮೇಲೆ ನಗಲಿಲ್ಲ.

ಹುಡುಕಿದಾಗ ತಿಳಿಯಿತು, ತಪ್ಪು ಕಾಕುವಿನದಾಗಿರಲೇ ಇಲ್ಲ. ಹಳೆಯ ಬೇಸಿಕ್ಕಿಗೇ ಸೊನ್ನೆಗಿಂತ ಕೆಳಗಿನ ಭಿನ್ನರಾಶಿಗಳ ಲೆಕ್ಕ ಸರಿಯಾಗಿ ಬರುತ್ತಿರಲಿಲ್ಲ. ನಮ್ಮದರಲ್ಲಿ ಲೆಕ್ಕ ಸರಿಯಾಗಿತ್ತು, ಹಾಗಾಗಿ ಎಸಳು ನೆಟ್ಟಗಾಗಿತ್ತು.

"ಕಾಕು ಬರದದ್ರಾಗ ಒಂದ ಸಾಲ ತಿದ್ದೂಣ್ರಿ ಕಾಕಾ, ಐದ ನಿಮಿಷದ ಕೆಲಸ" ಎಂದೆ. ನನಗೆ ಮನೆಗೆ ಹೋಗಿ ಬಿದ್ದುಕೊಂಡರೆ ಸಾಕಾಗಿತ್ತು.

ಕಾಕಾ ಕನ್ನಡಕ ತೆಗೆದರು. "ಆಕಿ ಬರದದ್ದು ಒಂದಕ್ಷರ ಮುಟ್ಟಬ್ಯಾಡ. ತಪ್ಪ ಭಾಷಾದ್ದು, ಅದನ್ನ ಆಕಿ ಸಂಭಾಳಿಸ್ಯಾಳ. ಈಗ ಭಾಷಾ ಶಾಣ್ಯಾ ಆತಂತ ಆಕಿ ಯಾಕ ಬದಲಾಗ್ಬೇಕು?"

ದಾರಿಯನ್ನೂ ಅವರೇ ಹುಡುಕಿದರು. ನಂಬರಿಲ್ಲದ ಸಾಲು ಕಂಡರೆ ಹೊಸ ಲೆಕ್ಕ. ನಂಬರು ಹಾಕಿದ ಸಾಲು ಕಂಡರೆ ಹಳೆಯದೇ ಲೆಕ್ಕ, ತಪ್ಪು ಸಮೇತ. ಕೇಳಲು ಸಲೀಸು. ಮಾಡಲು ಕೂತರೆ ಒಂದು ಕಡೆ ಕಟ್ಟಿದ್ದು ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು. ಆ ಚಪ್ಪಟೆ ಬೆರಳು ದಿನವೂ ಒತ್ತಿತು; ಕಡೆಕಡೆಗೆ ಒಂದೇ ಅಕ್ಷರವನ್ನು ಎರಡೆರಡು ಸಲ ಒತ್ತಿತು. ಮಳೆಗಾಲ ಮುಗಿಯುವ ಮೊದಲೇ ಎದೆನೋವೆಂದು ಆಸ್ಪತ್ರೆ ಸೇರಿದವರು ಮತ್ತೆ ಮನೆಗೆ ಬರಲಿಲ್ಲ. ತೀರಿಕೊಳ್ಳುವ ಹಿಂದಿನ ದಿನ ನೋಡಲು ಹೋಗಿದ್ದೆ. "ಎಲ್ಲಿಗೆ ಬಂತ ತಂಗಿ?" ಎಂದು ಕೇಳಿದ್ದರು, ಅಷ್ಟೇ.

ಉಳಿದದ್ದನ್ನು ನಾನು ಮುಗಿಸಿದೆ. ಉತ್ಸಾಹವೇನೂ ಇರಲಿಲ್ಲ, ದಣಿದೇ ಮುಗಿಸಿದೆ. ಹೀಗೆ ಅರ್ಧಕ್ಕೆ ಬಿಟ್ಟುಹೋದರಲ್ಲ ಎಂದು ಸಿಟ್ಟು ಬರುತ್ತಿತ್ತು, ಅದರ ಹಿಂದೆಯೇ ಅಳು ಬರುತ್ತಿತ್ತು. ಕೊನೆಗೊಂದು ಭಾನುವಾರ ಕ್ಯಾಸೆಟ್ಟು ಹಚ್ಚಿ ಕಾಕುವನ್ನು ಕರೆದೆ. ಎಸಳುಗಳು ಒಂದೊಂದಾಗಿ ಮೂಡಿದವು. ಬಲಗಡೆಯದು ಹೊರಟು, ಜಾರಿ, ಬಾಗಿತು. ಆಮೇಲೆ ಕಣ್ಣು, ರೆಕ್ಕೆ, ಬಾಲ.

ಕಾಕು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಟಿವಿಯ ಹತ್ತಿರ ಬಂದು ನಿಂತರು. "ಕೊಕ್ಕ ಬಂತು" ಎಂದರು. "ಆ ಕತಿ ಹೇಳ ತಂಗಿ, ಅವ್ರ ಹೇಳ್ತಿದ್ರಲ್ಲ" ಎಂದವರು ನನ್ನ ಮುಖ ನೋಡದೆ ಅಡುಗೆಮನೆಗೆ ಹೋದರು.

ಒಳಗೆ ಗ್ಯಾಸಿನ ಸದ್ದು ಸಣ್ಣಗಾಯಿತು. ನಾನು ಹೇಳತೊಡಗಿದೆ.